107ನೇ ಕೋಣೆಯ ಬಾಗಿಲು

ಮೊದಲು ಕಾಣುವುದು ಎರಡು ಕೈ. ಕಾರಿನ ಹಿಂದಿನ ಸೀಟಿನಲ್ಲಿ ಕೂತವನೊಬ್ಬ ತನ್ನ ಅಂಗೈಗಳನ್ನೇ ನೋಡಿಕೊಳ್ಳುತ್ತಿದ್ದಾನೆ. ಮುಖ ಕಾಣುವುದು ಆಮೇಲೆ. ಊರು ಫ್ರಾನ್ಸಿನ ಲಿಯಾನ್, ವರ್ಷ 1943. ಊರಿಗೆ ಊರೇ ಜರ್ಮನರ ಹಿಡಿತದಲ್ಲಿದೆ. ಇವನ ಹೆಸರು ಫೋಂತೆನ್. ಜರ್ಮನರ ವಿರುದ್ಧ ಗುಟ್ಟಾಗಿ ಹೋರಾಡುತ್ತಿದ್ದ ಪಡೆಯ ಲೆಫ್ಟಿನೆಂಟ್. ಈಗ ಸಿಕ್ಕಿಬಿದ್ದಿದ್ದಾನೆ.

ನೀವೂ ಅದೇ ಸೀಟಿನಲ್ಲಿದ್ದೀರಿ. ಆಚೆ ಬದಿಯಲ್ಲಿ ಇನ್ನಿಬ್ಬರು ಕೈದಿಗಳು, ಇಬ್ಬರನ್ನೂ ಒಂದೇ ಬೇಡಿಯಲ್ಲಿ ಜೋಡಿಸಿದ್ದಾರೆ. ಫೋಂತೆನ್‌ನ ಕೈಗೆ ಮಾತ್ರ ಬೇಡಿಯಿಲ್ಲ. ಅವನ ಎಡಗೈ ಗೋಡೆಯ ಮೇಲಿನ ಹಲ್ಲಿಯ ಹಾಗೆ ಬಾಗಿಲ ಹಿಡಿಕೆಯತ್ತ ಸರಿಯುತ್ತದೆ. ಕಾರು ನಿಧಾನವಾಯಿತು, ಬೆರಳು ಹಿಡಿಕೆಗೆ ತಾಗಿತು. ಕಾರು ಮತ್ತೆ ವೇಗ ಹಿಡಿಯಿತು, ಕೈ ಹಿಂದಕ್ಕೆ ಬಂತು. ಉಸಿರು ಬಿಗಿಹಿಡಿದಿದ್ದೀರಿ ಅನ್ನುವುದು ನಿಮಗೇ ಗೊತ್ತಾಗುವುದು ಈಗ. ಅಷ್ಟರಲ್ಲಿ ಟ್ರಾಮ್ ಅಡ್ಡ ಬಂತು. ಡ್ರೈವರ್ ಬ್ರೇಕ್ ಒತ್ತಿದ. ಬಾಗಿಲು ತೆರೆಯಿತು, ಫೋಂತೆನ್ ಇಲ್ಲ.

ಕ್ಯಾಮೆರಾ ಅವನ ಹಿಂದೆ ಓಡುವುದಿಲ್ಲ. ಕಾರಿನಲ್ಲೇ ಉಳಿಯುತ್ತದೆ, ನಿಮ್ಮನ್ನೂ ಉಳಿಸಿಕೊಳ್ಳುತ್ತದೆ. ಖಾಲಿ ಸೀಟು, ಅದರ ಪಕ್ಕ ಅಲುಗದೆ ಕೂತ ಕೈದಿ. ಹೊರಗೆ ಕೂಗು, ಬೂಟಿನ ಸದ್ದು, ಗುಂಡಿನ ಸದ್ದು. ಸ್ವಲ್ಪ ಹೊತ್ತಿಗೆ ಫೋಂತೆನ್‌ನನ್ನು ತಂದು ಅದೇ ಸೀಟಿಗೆ ದಬ್ಬುತ್ತಾರೆ, ಬೇಡಿ ಹಾಕುತ್ತಾರೆ, ಪಿಸ್ತೂಲಿನ ಹಿಂಬದಿಯಿಂದ ತಲೆಗೆ ಹೊಡೆಯುತ್ತಾರೆ.

ರಾಬರ್ಟ್ ಬ್ರೆಸನ್ ನಿರ್ದೇಶನದ ಈ ಫ್ರೆಂಚ್ ಚಿತ್ರ ತೆರೆಗೆ ಬಂದದ್ದು 1956ರಲ್ಲಿ. ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ, ಮರಣದಂಡನೆಗೆ ಗುರಿಯಾದವನೊಬ್ಬ ತಪ್ಪಿಸಿಕೊಂಡ. ಕೊನೆ ಏನೆಂದು ಹೆಸರೇ ಹೇಳಿಬಿಡುತ್ತದೆ. ಬದುಕುತ್ತಾನೋ ಸಾಯುತ್ತಾನೋ ಎಂಬ ಕುತೂಹಲವನ್ನು ಬ್ರೆಸನ್ ಬಾಗಿಲಲ್ಲೇ ಇಸಿದುಕೊಂಡು ನಮ್ಮನ್ನು ಒಳಗೆ ಬಿಡುತ್ತಾರೆ. ಒಳಗೆ ಬಂದ ಮೇಲೆ ನೋಡುವುದಕ್ಕೆ ಉಳಿದಿರುವುದು ಒಂದೇ: ಒಬ್ಬ ಮನುಷ್ಯ ಆಸೆಯನ್ನು ಹೇಗೆ ಉಳಿಸಿಕೊಳ್ಳುತ್ತಾನೆ, ದಿನದಿನವೂ, ಯಾವ ಕೆಲಸ ಮಾಡಿ.

ನನಗೆ ಮತ್ತೆ ಮತ್ತೆ ನೆನಪಾಗುವುದು ಆ ಅಲುಗದ ಕೈದಿ. ಅವನೇನೂ ಹೇಡಿಯಲ್ಲ. ಕೈ ಇನ್ನೊಬ್ಬನ ಕೈಗೆ ಬಿಗಿದಿದೆ, ಅವನಾದರೂ ಏನು ಮಾಡಿಯಾನು? ಆದರೆ ಆ ಸ್ತಬ್ಧತೆಯಲ್ಲಿ ನಮ್ಮೆಲ್ಲರ ಮುಖ ಕಾಣುತ್ತದೆ. ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1960ರ ದಶಕದಲ್ಲಿ ನಾಯಿಗಳ ಮೇಲೆ ಪ್ರಯೋಗ ಮಾಡಿ, ತಪ್ಪಿಸಿಕೊಳ್ಳಲಾಗದ ನೋವನ್ನು ಉಂಡ ಜೀವ ನಿಸ್ಸಹಾಯಕತೆಯನ್ನು ಕಲಿತುಬಿಡುತ್ತದೆ ಎಂದಿದ್ದರು. ಸುಮಾರು ಐವತ್ತು ವರ್ಷಗಳ ಬಳಿಕ, 2016ರಲ್ಲಿ, ಅದೇ ಇಬ್ಬರು ತಮ್ಮ ಮಾತನ್ನು ತಿದ್ದಿಕೊಂಡರು. ದೀರ್ಘ ನೋವಿಗೆ ಮಿದುಳು ಮೊದಲು ತೋರುವ ಪ್ರತಿಕ್ರಿಯೆಯೇ ಸುಮ್ಮನಾಗಿಬಿಡುವುದು, ಅದನ್ನು ಯಾರೂ ಕಲಿಯಬೇಕಾಗಿಲ್ಲ. ಕಲಿಯಬೇಕಾದದ್ದು ‘ನನ್ನ ಕೈಯಲ್ಲೂ ಏನೋ ಇದೆ’ ಎನ್ನುವುದನ್ನು. ಆ ಪಾಠ ಹೇಗೆ ನಡೆಯುತ್ತದೆ ಎಂದು ನೋಡಬೇಕಾದರೆ ಫೋಂತೆನ್ ಜೊತೆ ಮೋನ್‌ಲುಕ್ ಜೈಲಿನೊಳಕ್ಕೆ ಹೋಗಬೇಕು.

ಕೆಳಗಿನ ಅಂತಸ್ತು. ಹೊಡೆತ ತಿಂದವನನ್ನು ಸ್ಟ್ರೆಚರಿನಲ್ಲಿ ತಂದು ಹಾಕಿದ್ದಾರೆ. ಹೊಡೆದದ್ದನ್ನು ನೀವು ನೋಡಿಲ್ಲ, ಶರ್ಟಿನ ಮೇಲಿನ ರಕ್ತ ನೋಡುತ್ತಿದ್ದೀರಿ. ಆ ಶರ್ಟು ಬಹಳ ದಿನ ಅವನ ಮೈಮೇಲೇ ಇರುತ್ತದೆ. ಕೋಣೆಯಲ್ಲಿ ನೋಡುವಂಥದ್ದು ಏನೂ ಇಲ್ಲ, ಅದಕ್ಕೇ ಕಿವಿ ಚುರುಕಾಗುತ್ತದೆ. ಕಾವಲುಗಾರ ಮೆಟ್ಟಿಲಿಳಿಯುತ್ತ ಕಬ್ಬಿಣದ ಕಂಬಿಗಳಿಗೆ ಬೀಗದಕೈ ತಾಗಿಸಿಕೊಂಡು ಹೋಗುತ್ತಾನೆ: ಟಣ್, ಟಣ್, ಟಣ್. ದೂರದಲ್ಲಿ ರೈಲಿನ ಸಿಳ್ಳೆ. ಒಮ್ಮೊಮ್ಮೆ ಅಂಗಳದ ಕಡೆಯಿಂದ ಗುಂಡಿನ ಸದ್ದು, ಬಳಿಕ ಮೌನ. ಪಕ್ಕದ ಗೋಡೆಯ ಮೇಲೆ ಯಾರೋ ಬೆರಳಿನಿಂದ ಬಡಿಯುತ್ತಾರೆ. ಒಂದಕ್ಷರಕ್ಕೆ ಇಷ್ಟು ಬಡಿತ ಎಂಬ ಲೆಕ್ಕ. ಹೀಗೆ ಗೋಡೆ ಮಾತಾಡಲು ಕಲಿಯುತ್ತದೆ. ಮುಂದೊಂದು ದಿನ ಇವನು ಬಡಿದರೆ ಆ ಕಡೆಯಿಂದ ಉತ್ತರ ಬರುವುದಿಲ್ಲ.

ಆದರೆ ಅಷ್ಟರೊಳಗೆ ಗೋಡೆಯಾಚೆಯ ಆ ಗೆಳೆಯ ಒಂದು ವಿದ್ಯೆ ದಾಟಿಸಿರುತ್ತಾನೆ. ಒಂದು ಪಿನ್ನಿನಿಂದ ಕೈಬೇಡಿ ಬಿಚ್ಚುವುದು ಹೇಗೆಂದು. ಫೋಂತೆನ್ ಪಿನ್ನನ್ನು ಬೀಗದೊಳಕ್ಕೆ ತೂರಿಸಿ ತಡವುತ್ತಾನೆ. ಟಿಕ್ ಎಂದಿತು. ಬೇಡಿ ಕಳಚಿತು. ಅವನ ಮುಖದಲ್ಲಿ ಎಂಥದ್ದೋ ಸಣ್ಣ ಬೆಳಕು. ಹೆಜ್ಜೆ ಸದ್ದು ಕೇಳಿದರೆ ಬೇಡಿಯನ್ನು ಮತ್ತೆ ತಾನೇ ಹಾಕಿಕೊಳ್ಳುತ್ತಾನೆ. ಲೆಕ್ಕಕ್ಕೆ ತೆಗೆದುಕೊಂಡರೆ ಏನೂ ಬದಲಾಗಿಲ್ಲ. ಅದೇ ಕೋಣೆ, ಅದೇ ಬೇಡಿ, ಹೊರಗೆ ಅದೇ ಕಾವಲು. ಆದರೆ ಜರ್ಮನರು ತೊಡಿಸಿದ್ದ ಬೇಡಿ ಈಗ ಅವನು ತೊಟ್ಟುಕೊಂಡ ಬೇಡಿಯಾಗಿದೆ. ಸ್ವಾತಂತ್ರ್ಯ ಎಷ್ಟು ಸಣ್ಣ ಅಳತೆಯಿಂದ ಶುರುವಾಗುತ್ತದೆ ಎಂದು ಇದಕ್ಕಿಂತ ಸ್ಪಷ್ಟವಾಗಿ ತೋರಿಸಿದ ದೃಶ್ಯವನ್ನು ನಾನು ಬೇರೆ ಯಾವ ಚಿತ್ರದಲ್ಲೂ ಕಂಡಿಲ್ಲ.

ಮುಂದೆ ಅವನನ್ನು ಮೇಲಿನ ಅಂತಸ್ತಿಗೆ ಒಯ್ಯುತ್ತಾರೆ. ಬೇಡಿ ತೆಗೆಯುತ್ತಾರೆ. ಕೋಣೆ ನಂಬರು 107.

ನಾಲ್ಕು ಹೆಜ್ಜೆ ಇಟ್ಟರೆ ಎದುರಿನ ಗೋಡೆ. ತಂತಿ ಜಾಲರಿಯ ಮಂಚ, ಹುಲ್ಲಿನ ಹಾಸಿಗೆ, ಕಂಬಳಿ. ಮೂಲೆಯಲ್ಲಿ ಬಕೆಟ್ಟು. ಎತ್ತರದಲ್ಲಿ ಕಂಬಿ ಹಾಕಿದ ಕಿಟಕಿ. ಗೋಡೆಯಲ್ಲಿರುವ ಗೂಡಿನ ಮೇಲೆ ಕಾಲಿಟ್ಟು ಹತ್ತಿದರೆ ಪಕ್ಕದ ಕಿಟಕಿಯವನ ಜೊತೆ ಪಿಸುಗುಡಬಹುದು. ಫೋಂತೆನ್ ಬಾಗಿಲ ಎದುರು ಕೂತಿದ್ದಾನೆ. ಮಾಡಲು ಕೆಲಸವಿಲ್ಲ, ನೋಡಲು ಬೇರೇನೂ ಇಲ್ಲ, ಬಾಗಿಲನ್ನೇ ನೋಡುತ್ತಾನೆ. ಒಂದು ದಿನ, ಇನ್ನೊಂದು ದಿನ. ನೋಡುತ್ತ ನೋಡುತ್ತ ಬಾಗಿಲು ಬಾಗಿಲಾಗಿ ಉಳಿಯುವುದಿಲ್ಲ, ಹಲಗೆಗಳಾಗಿ ಬಿಡಿಬಿಡಿಯಾಗುತ್ತದೆ. ಎರಡು ಚೌಕಟ್ಟು, ಆರು ಹಲಗೆ. ಹಲಗೆ ಓಕ್ ಮರದ್ದು, ಕಲ್ಲಿನಂಥ ಗಟ್ಟಿ. ಆದರೆ ಹಲಗೆಗೂ ಹಲಗೆಗೂ ನಡುವೆ ಸಂದಿಯಲ್ಲಿ ಕೂರಿಸಿದ ಪಟ್ಟಿ ಬೇರೆ ಮರದ್ದು. ಅದರ ಬಣ್ಣವೇ ಬೇರೆ, ಅದು ಮೆದು.

ಬಡಗಿ ಕೆಲಸ ಬಲ್ಲವರಿಗೆ ಇದರ ಅರ್ಥ ಒಡನೆಯೇ ಹೊಳೆಯುತ್ತದೆ. ಬಾಗಿಲನ್ನು ಮುರಿಯಬೇಕಾಗಿಲ್ಲ, ಬಿಚ್ಚಬಹುದು.

ಉಳಿ ಬೇಕು. ಊಟದ ತಟ್ಟೆಯ ಜೊತೆ ಬಂದ ಕಬ್ಬಿಣದ ಚಮಚವೊಂದನ್ನು ಅವನು ವಾಪಸು ಕೊಡದೆ ಉಳಿಸಿಕೊಳ್ಳುತ್ತಾನೆ. ಹಿಡಿಯನ್ನು ನೆಲಕ್ಕೆ ಉಜ್ಜುತ್ತಾನೆ. ಕರ್ರ್, ಕರ್ರ್. ನಿಲ್ಲಿಸಿ ಕೇಳುತ್ತಾನೆ. ಮತ್ತೆ ಉಜ್ಜುತ್ತಾನೆ. ತುದಿ ಚಪ್ಪಟೆಯಾಯಿತು, ಹರಿತವಾಯಿತು. ಬಾಗಿಲ ಮುಂದೆ ಮಂಡಿಯೂರಿ ಆ ತುದಿಯನ್ನು ಸಂದಿಗೆ ಇಟ್ಟು ಒತ್ತುತ್ತಾನೆ. ಸಿಬರೊಂದು ಎದ್ದಿತು. ಬೆರಳಿನುಗುರಿಗಿಂತ ಚಿಕ್ಕದು. ಬ್ರೆಸನ್ ಅದನ್ನು ನಮಗೆ ಹತ್ತಿರದಿಂದ ತೋರಿಸುತ್ತಾರೆ: ಕೈ, ಚಮಚ, ಮರ. ಹಿನ್ನೆಲೆ ಸಂಗೀತವಿಲ್ಲ. ಕೆರೆಯುವ ಸದ್ದು, ಉಸಿರು, ದೂರದ ಬೂಟು. ನೀವು ಅವನ ಭುಜಕ್ಕೆ ಭುಜ ತಾಗಿಸಿ ಕೂತಿದ್ದೀರಿ, ಬೂಟಿನ ಸದ್ದು ಹತ್ತಿರ ಬಂದಾಗ ನಿಮ್ಮ ಕೈಯೂ ನಿಲ್ಲುತ್ತದೆ.

ಎದ್ದ ಸಿಬರನ್ನೆಲ್ಲ ಗುಡಿಸಿ ಬಚ್ಚಿಡಬೇಕು. ಕೆಲವು ಬಾಗಿಲಿನಾಚೆ ಮೊಗಸಾಲೆಗೆ ಬಿದ್ದಿವೆ. ಕಸಬರಿಗೆಯ ಒಂದು ಕಡ್ಡಿಯನ್ನು ಬಾಗಿಲಡಿ ತೂರಿಸಿ ಒಂದೊಂದನ್ನೇ ಒಳಗೆಳೆದುಕೊಳ್ಳುತ್ತಾನೆ. ಕೊರೆದ ಸಂದಿಗೆ ಕಾಗದ ತುಂಬಿ ಬಣ್ಣ ಹೊಂದಿಸುತ್ತಾನೆ. ಒಂದು ದಿನ ಚಮಚ ಮುರಿಯುತ್ತದೆ. ಕಬ್ಬಿಣದ ಇನ್ನೊಂದು ಚಮಚ ಸಿಗುವ ತನಕ ಕಾಯುತ್ತಾನೆ. ಸಿಕ್ಕ ಮೇಲೆ ಮೊದಲಿಂದ ಉಜ್ಜುತ್ತಾನೆ. ಇದು ಒಂದು ದಿನದ ಕೆಲಸವಲ್ಲ, ವಾರಗಟ್ಟಲೆ ನಡೆಯುವ ಕೆಲಸ.

ಇಲ್ಲಿ ಇನ್ನೊಬ್ಬ ಕೈದಿಯನ್ನು ನೆನೆಯಬೇಕು, ಈತ ಸಿನಿಮಾದವನಲ್ಲ. ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್ ನಾತ್ಸಿ ಶಿಬಿರಗಳಿಂದ ಬದುಕಿ ಬಂದು 1946ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ತಮ್ಮ ಶಿಬಿರದ ಒಬ್ಬನ ಕಥೆ ಹೇಳುತ್ತಾರೆ. ಅವನಿಗೆ ಕನಸು ಬಿದ್ದಿತ್ತಂತೆ: 1945ರ ಮಾರ್ಚ್ 30ಕ್ಕೆ ನಿಮಗೆಲ್ಲ ಬಿಡುಗಡೆ. ಅವನು ಆ ದಿನವನ್ನೇ ನೆಚ್ಚಿಕೊಂಡು ಗಟ್ಟಿಯಾಗಿದ್ದ. ದಿನ ಹತ್ತಿರವಾದರೂ ಬಿಡುಗಡೆಯ ಸುಳಿವಿಲ್ಲ. 29ಕ್ಕೆ ಜ್ವರ ಏರಿತು, 30ಕ್ಕೆ ಪ್ರಜ್ಞೆ ತಪ್ಪಿತು, 31ಕ್ಕೆ ಸತ್ತ. ಕಾರಣ ಟೈಫಸ್. ಆದರೆ ಮುರಿದ ಆಸೆಯೇ ಅವನ ಮೈಯ ರೋಗ ತಡೆಯುವ ಶಕ್ತಿಯನ್ನು ಕಿತ್ತುಕೊಂಡಿತು ಎಂಬುದು ಫ್ರಾಂಕ್ಲ್ ಅವರ ಅಭಿಪ್ರಾಯ.

ಆ ಬಡಪಾಯಿಯ ಆಸೆ ಫೋಂತೆನ್‌ನ ಆಸೆಗಿಂತ ದುರ್ಬಲವಾಗಿತ್ತು ಎಂದು ನನಗೆ ಅನಿಸುವುದಿಲ್ಲ. ಪ್ರಾಯಶಃ ಹೆಚ್ಚೇ ಇತ್ತು. ಆದರೆ ಅದು ಹೊರಗಿನಿಂದ ಬರಬೇಕಾದ ಒಂದು ದಿನಾಂಕಕ್ಕೆ ಜೋತುಬಿದ್ದಿತ್ತು. ಫೋಂತೆನ್ ಯಾವ ದಿನಾಂಕವನ್ನೂ ಇಟ್ಟುಕೊಂಡಿಲ್ಲ. ಇವತ್ತಿಗೆ ಇಷ್ಟು ಸಿಬರು, ನಾಳೆಗೆ ಇನ್ನಷ್ಟು. ಸಂಜೆ ಬಾಗಿಲನ್ನು ಬೆರಳಿನಿಂದ ಸವರಿದರೆ ಬೆಳಿಗ್ಗೆ ಇಲ್ಲದ ಒಂದು ಬಿರುಕು ತಗಲುತ್ತದೆ. ಅವನ ಆಸೆಯನ್ನು ಮುಟ್ಟಿ ನೋಡಬಹುದು. ಇಡೀ ಚಿತ್ರದಲ್ಲಿ ನನಗೆ ದಕ್ಕಿದ್ದು ಇದೇ: ಭರವಸೆ ಕೈಯಲ್ಲಿ ಹುಟ್ಟಿ ಆಮೇಲೆ ಮನಸ್ಸಿಗೆ ಏರುತ್ತದೆ. ಮನಸ್ಸು ಗಟ್ಟಿಯಾಗಲಿ, ಆಮೇಲೆ ಕೆಲಸಕ್ಕೆ ಕೈ ಹಾಕುತ್ತೇನೆ ಎಂದು ಕೂತವರಿಗೆ ಎರಡೂ ಆಗುವುದಿಲ್ಲ.

ಬೆಳಿಗ್ಗೆ ಬಕೆಟ್ಟು ಖಾಲಿ ಮಾಡಲು ಕೈದಿಗಳೆಲ್ಲ ಸಾಲಾಗಿ ಮೆಟ್ಟಿಲಿಳಿದು ಅಂಗಳಕ್ಕೆ ಹೋಗುತ್ತಾರೆ. ನೀವೂ ಸಾಲಿನಲ್ಲಿ ಇಳಿಯಿರಿ. ಮೈಗೆ ಅಂಟಿದ ಕೊಳೆ ಬಟ್ಟೆ, ಕೈಯಲ್ಲಿ ಹೊಲಸಿನ ಬಕೆಟ್ಟು, ಮುಖದಲ್ಲಿ ನಿದ್ದೆಯಿಲ್ಲದ ಕಳೆ. ಆಗ, ಇಡೀ ದಿನದಲ್ಲಿ ಅತ್ಯಂತ ಹೀನವೆನಿಸುವ ಈ ಹೊತ್ತಿನಲ್ಲಿ, ಬ್ರೆಸನ್ ಮೊಜಾರ್ಟ್‌ನ ಸಂಗೀತ ತರುತ್ತಾರೆ. ದೇವರ ಕರುಣೆಯನ್ನು ಬೇಡುವ ಚರ್ಚ್ ಸಂಗೀತ, ತುಂಬು ಕಂಠಗಳ ಮೇಳ. ಚಿತ್ರದಲ್ಲಿ ಸಂಗೀತ ಕೇಳಿಸುವುದೇ ಅಪರೂಪ. ಕೇಳಿಸಿದಾಗ ಹೀಗೆ, ಕೈದಿಗಳು ಒಬ್ಬರಿಗೊಬ್ಬರು ಸಿಗುವ ಗಳಿಗೆಯಲ್ಲಿ. ತೊಟ್ಟಿಯ ನಲ್ಲಿಯ ಹತ್ತಿರ ಮುಖಕ್ಕೆ ನೀರು ಹಾಕಿಕೊಳ್ಳುವ ನೆಪದಲ್ಲಿ ತುಟಿ ಅಲ್ಲಾಡದಂತೆ ಎರಡು ಮಾತು. ಮಾತಾಡಬೇಡಿ ಎಂದು ಕಾವಲುಗಾರ ಜರ್ಮನ್ ಭಾಷೆಯಲ್ಲಿ ಗದರುತ್ತಾನೆ, ಅವನ ಮುಖವನ್ನು ನಾವು ಸರಿಯಾಗಿ ನೋಡುವುದೂ ಇಲ್ಲ. ಪೆನ್ಸಿಲ್ ಇಟ್ಟುಕೊಂಡವರಿಗೆ ಸಾವು ಎಂದು ಅಪ್ಪಣೆಯಾಗಿದೆ. ಫೋಂತೆನ್ ತನ್ನ ಪೆನ್ಸಿಲನ್ನು ಒಪ್ಪಿಸುವುದಿಲ್ಲ.

ಕೈದಿಗಳಲ್ಲಿ ಒಬ್ಬ ಪಾದ್ರಿಯಿದ್ದಾನೆ, ಪ್ರಾರ್ಥನೆಯ ಮಾತು ಬರುತ್ತದೆ. ಫೋಂತೆನ್ ನಾಸ್ತಿಕನೇನಲ್ಲ. ಆದರೆ ಎಲ್ಲವನ್ನೂ ದೇವರೇ ನೋಡಿಕೊಳ್ಳಲಿ ಎಂದುಬಿಟ್ಟರೆ ಅದು ತೀರಾ ಸಲೀಸಾಯಿತಲ್ಲ ಎಂಬುದು ಅವನ ನಿಲುವು. ಚಿತ್ರಕ್ಕೆ ಇನ್ನೊಂದು ಹೆಸರೂ ಇದೆ, ಯೋಹಾನನ ಸುವಾರ್ತೆಯಿಂದ ತೆಗೆದದ್ದು: ಗಾಳಿ ತನಗೆ ಬೇಕಾದತ್ತ ಬೀಸುತ್ತದೆ. ಗಾಳಿ ಯಾವಾಗ ಬೀಸುತ್ತದೋ ಗೊತ್ತಿಲ್ಲ, ಬೀಸಿದಾಗ ಬಾಗಿಲ ಹಲಗೆ ಸಡಿಲವಾಗಿರಬೇಕು.

ಪಕ್ಕದ ಕೋಣೆಯಲ್ಲಿ ಬ್ಲಾಂಶೆ. ವಯಸ್ಸಾದವರು. ಫೋಂತೆನ್ ಎಷ್ಟು ಸಲ ಗೋಡೆ ಬಡಿದರೂ ಉತ್ತರವಿಲ್ಲ. ಒಂದು ದಿನ ಬಕೆಟ್ಟಿನ ಸಾಲಿನಲ್ಲಿ ಅವರು ಕುಸಿದು ಬೀಳುತ್ತಾರೆ, ಫೋಂತೆನ್ ಎತ್ತುತ್ತಾನೆ. ಅಲ್ಲಿಂದ ಮಾತು ಶುರು. ಇಬ್ಬರೂ ತಮ್ಮ ತಮ್ಮ ಕಿಟಕಿಗೆ ಹತ್ತಿ ನಿಂತಿದ್ದಾರೆ, ಒಬ್ಬರ ಮುಖ ಒಬ್ಬರಿಗೆ ಕಾಣದು. ಬ್ಲಾಂಶೆ ನೇಣು ಹಾಕಿಕೊಳ್ಳಲು ಯತ್ನಿಸಿದ್ದರಂತೆ, ಆದರೆ ಉಳಿದುಕೊಂಡರಂತೆ. ಬಾಗಿಲು ಕೆರೆಯುವ ಸದ್ದು ಅವರಿಗೆ ಭಯ ಹುಟ್ಟಿಸುತ್ತದೆ. ಒಬ್ಬ ಸಿಕ್ಕಿಬಿದ್ದರೆ ಎಲ್ಲರಿಗೂ ಶಿಕ್ಷೆ, ಯಾಕಪ್ಪಾ ಈ ಸಾಹಸ ಎನ್ನುವ ಧಾಟಿ. ಹೋರಾಡಬೇಕು ಬ್ಲಾಂಶೆಯವರೇ, ಗೋಡೆಯ ಜೊತೆ, ಬಾಗಿಲ ಜೊತೆ, ನಮ್ಮ ಜೊತೆಯೂ, ಎಂಬರ್ಥದಲ್ಲಿ ಫೋಂತೆನ್ ಉತ್ತರ ಕೊಡುತ್ತಾನೆ. ಮುದುಕರಿಗೆ ಅದು ಒಪ್ಪಿಗೆಯಾಗುವುದಿಲ್ಲ.

ಒಪ್ಪಿಗೆಯಾಗುವುದು ಒರ್ಸಿನಿ ಸತ್ತ ಮೇಲೆ. ಒರ್ಸಿನಿ ಇನ್ನೊಬ್ಬ ಕೈದಿ. ಅವಸರದವನು. ಫೋಂತೆನ್‌ಗೆ ಕಾಯದೆ ತಾನೊಬ್ಬನೇ ಗೋಡೆ ಹತ್ತಲು ಹೋಗಿ ಸಿಕ್ಕಿಬೀಳುತ್ತಾನೆ. ಗುಂಡಿಕ್ಕುವ ಮುಂಚೆ ಸ್ವಲ್ಪ ಹೊತ್ತು ಅವನನ್ನು ಕೋಣೆಗೆ ತಂದು ಬಿಟ್ಟಿದ್ದಾರೆ. ಆ ಸ್ವಲ್ಪ ಹೊತ್ತಿನಲ್ಲಿ ಅವನು ತನಗಾಗಿ ಅಳಲಿಲ್ಲ. ಗೋಡೆ ದಾಟಲು ಕೊಕ್ಕೆ ಬೇಕೇ ಬೇಕು, ದೀಪದ ಗೂಡಿನ ಕಬ್ಬಿಣದ ಚೌಕಟ್ಟನ್ನು ಬಗ್ಗಿಸಿದರೆ ಕೊಕ್ಕೆಯಾಗುತ್ತದೆ ಎಂದು ಫೋಂತೆನ್‌ಗೆ ದಾಟಿಸಿದ. ಆಮೇಲೆ ಅಂಗಳದಿಂದ ಗುಂಡಿನ ಸದ್ದು. ನೀನು ಗೆಲ್ಲಬೇಕಾದರೆ ಒರ್ಸಿನಿ ಸೋಲಬೇಕಿತ್ತು ಎಂಬರ್ಥದ ಮಾತು ಬ್ಲಾಂಶೆಯ ಬಾಯಿಂದಲೇ ಬರುತ್ತದೆ, ಆಸೆಯನ್ನೇ ಬಿಟ್ಟಿದ್ದ ಬ್ಲಾಂಶೆಯ ಬಾಯಿಂದ. ಹಗ್ಗಕ್ಕೆ ಬಟ್ಟೆ ಸಾಲದಾದಾಗ ಅದೇ ಮುದುಕರು ತಮ್ಮ ಕಂಬಳಿ ಕೊಡುತ್ತಾರೆ. ಜೈಲಿನ ಚಳಿ ಏನೆಂದು ಬಲ್ಲವರು ಕೊಟ್ಟ ಕಂಬಳಿ ಅದು. ಈ ದೃಶ್ಯದಲ್ಲಿ ಯಾರೂ ಕಣ್ಣೀರು ಹಾಕುವುದಿಲ್ಲ, ಮಾತೂ ಹೆಚ್ಚಿಲ್ಲ, ಆದರೂ ನನ್ನ ಗಂಟಲು ಪ್ರತಿ ಸಲವೂ ಕಟ್ಟುತ್ತದೆ.

ಹಗ್ಗ ಹೊಸೆಯುವುದನ್ನು ಹತ್ತಿರ ಕೂತು ನೋಡಿ. ರೇಜರಿನ ಬ್ಲೇಡಿನಿಂದ ಬಟ್ಟೆಯನ್ನು ಉದ್ದುದ್ದ ಪಟ್ಟಿಗಳಾಗಿ ಸೀಳುತ್ತಾನೆ. ಮಂಚದ ಜಾಲರಿಯ ತಂತಿಯನ್ನು ಒಂದೊಂದಾಗಿ ಬಿಡಿಸುತ್ತಾನೆ. ಪಟ್ಟಿಗಳನ್ನು ಸೇರಿಸಿ ಹೊಸೆದು, ಅಲ್ಲಲ್ಲಿ ತಂತಿ ಸುತ್ತಿ ಬಿಗಿಯುತ್ತಾನೆ. ತುದಿಯನ್ನು ಕಟ್ಟಿ ಜಗ್ಗಿ ನೋಡುತ್ತಾನೆ. ನಮ್ಮ ಹಳ್ಳಿಗಳಲ್ಲಿ ಕತ್ತಾಳೆ ನಾರಿನ ಹಗ್ಗ ಹೊಸೆಯುವವರನ್ನು ನೋಡಿದವರಿಗೆ ಆ ಕೈಚಲನೆ ತೀರಾ ಪರಿಚಿತ: ಎಳೆಗೆ ಎಳೆ ಸೇರಿಸಿ ಒತ್ತಿ ತಿರುಚುವುದು, ಅವಸರ ಮಾಡಿದರೆ ಬಿಚ್ಚಿಕೊಳ್ಳುವುದು. ಫೋಂತೆನ್ ಪಾತ್ರ ಮಾಡಿದ ಫ್ರಾನ್ಸ್ವಾ ಲೆತೆರಿಯೆ ವೃತ್ತಿನಟನಲ್ಲ, ತತ್ತ್ವಶಾಸ್ತ್ರದ ವಿದ್ಯಾರ್ಥಿ. ಬ್ರೆಸನ್‌ಗೆ ನಟನೆ ಬೇಕಿರಲಿಲ್ಲ, ಕೆಲಸ ಮಾಡುವ ಕೈ ಬೇಕಿತ್ತು. ಅವರೇ ಎರಡನೇ ಮಹಾಯುದ್ಧದಲ್ಲಿ ಜರ್ಮನರ ಸೆರೆಯಲ್ಲಿ ವರ್ಷಕ್ಕೂ ಹೆಚ್ಚು ಕಾಲ ಇದ್ದು ಬಂದವರು. ಸೆರೆಯಲ್ಲಿ ಒಂದು ವಸ್ತುವಿಗೆ ಎಷ್ಟು ಬೆಲೆ ಎನ್ನುವುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಕೊನೆಗೊಂದು ರಾತ್ರಿ ಹಲಗೆ ಕಳಚುತ್ತದೆ. ಬಾಗಿಲಲ್ಲಿ ಮನುಷ್ಯ ನುಸುಳುವಷ್ಟು ಕಿಂಡಿ. ಫೋಂತೆನ್ ಹೊರಗೆ ಬರುತ್ತಾನೆ. ಮೊಗಸಾಲೆಯ ಕತ್ತಲಲ್ಲಿ ಬರಿಗಾಲಿನಲ್ಲಿ ನಡೆಯುತ್ತಾನೆ, ಛಾವಣಿಯ ಬೆಳಕಿಂಡಿ ಎಲ್ಲಿದೆ, ಅದಕ್ಕೆ ಹೇಗೆ ಹತ್ತಬಹುದು ಎಂದು ಲೆಕ್ಕ ಹಾಕುತ್ತಾನೆ. ನೀವು ಅವನ ಹಿಂದೆಯೇ ಇದ್ದೀರಿ. ಓಡಿಬಿಡು ಎಂದು ಕೂಗಬೇಕೆನಿಸುತ್ತದೆ. ಅವನು ವಾಪಸು ಬಂದು ಕೋಣೆ ಸೇರಿ, ಹಲಗೆಯನ್ನು ಸ್ವಸ್ಥಾನದಲ್ಲಿ ಕೂರಿಸಿ ಮಲಗುತ್ತಾನೆ.

ಆಮೇಲೆ ದಿನಗಳು ಉರುಳುತ್ತವೆ. ಬಾಗಿಲು ತೆರೆಯುತ್ತದೆ, ಹಗ್ಗವಿದೆ, ಕೊಕ್ಕೆಯಿದೆ, ಅವನು ಮಾತ್ರ ಹೋಗುವುದಿಲ್ಲ. ಇನ್ನಷ್ಟು ಹಗ್ಗ ಬೇಕು, ಇನ್ನೊಂದು ಕೊಕ್ಕೆ ಬೇಕು. ನಲ್ಲಿಯ ಹತ್ತಿರ ಗೆಳೆಯರು ಅವಸರಪಡಿಸುತ್ತಾರೆ, ಒಬ್ಬ ಚುಚ್ಚಿಯೂ ಮಾತಾಡುತ್ತಾನೆ. ಚಿತ್ರದ ಅತ್ಯಂತ ಪ್ರಾಮಾಣಿಕ ಭಾಗ ಇದು ಎಂದು ನನ್ನ ಅಭಿಪ್ರಾಯ. ಆಸೆ ಕೆಲಸವಾಗಿದ್ದಾಗ ಸುರಕ್ಷಿತವಾಗಿತ್ತು. ಕೆಲಸ ಮುಗಿದ ಮೇಲೆ ಅದನ್ನು ಪಣಕ್ಕಿಡಬೇಕು. ಕಾನ್ಸಾಸ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಸ್ನೈಡರ್ 1990ರ ದಶಕದ ಆರಂಭದಲ್ಲಿ ಭರವಸೆಯನ್ನು ವಿವರಿಸುವಾಗ, ಗುರಿಯ ಜೊತೆಗೆ ಎರಡು ಅಂಶ ಸೇರಬೇಕು ಎಂದರು: ಹೋಗುವ ದಾರಿಗಳನ್ನು ಹುಡುಕಿಕೊಳ್ಳುವ ಬುದ್ಧಿ, ಆ ದಾರಿಯಲ್ಲಿ ನಾನು ನಡೆಯಬಲ್ಲೆ ಎನ್ನುವ ಛಲ. ದಾರಿಯಿದ್ದೂ ಛಲ ಕೈಕೊಟ್ಟರೆ ಮನುಷ್ಯ ಕಿಂಡಿಯ ಬಳಿಯೇ ಕೂತುಬಿಡುತ್ತಾನೆ. ಫೋಂತೆನ್ ಈಗ ಅಲ್ಲಿ ಕೂತಿದ್ದಾನೆ. ಅವನನ್ನು ಎಬ್ಬಿಸುವುದು ಜರ್ಮನರೇ.

ಜರ್ಮನರ ಗುಪ್ತ ಪೊಲೀಸ್ ಪಡೆಯಾದ ಗೆಸ್ಟಪೊದ ಕಚೇರಿಯಿರುವ ಟರ್ಮಿನಸ್ ಹೋಟೆಲಿಗೆ ಅವನನ್ನು ಒಯ್ದು ತೀರ್ಪು ತಿಳಿಸುತ್ತಾರೆ: ಮರಣದಂಡನೆ. ಜೈಲಿಗೆ ವಾಪಸು ಕರೆತರುವಾಗ ಅವನ ಎದೆ ಹೊಡೆದುಕೊಳ್ಳುವುದು ಸಾವಿಗಾಗಿ ಅಲ್ಲ. ಬೇರೆ ಕೋಣೆಗೆ ಹಾಕಿಬಿಟ್ಟರೆ? ಬಾಗಿಲು, ಹಗ್ಗ, ಕೊಕ್ಕೆ ಎಲ್ಲ 107ರಲ್ಲಿವೆ. ಮೆಟ್ಟಿಲು ಹತ್ತುತ್ತಾರೆ. ಮೊಗಸಾಲೆ. ಅದೇ ಬಾಗಿಲು ತೆರೆಯುತ್ತದೆ. ಒಳಗೆ ಬಿಟ್ಟು ಹೋದ ಮೇಲೆ ಅವನು ನಗುತ್ತಾನೆ. ಹಾಸಿಗೆಯ ಮೇಲೆ ಬಿದ್ದು, ತಡೆಯಲಾರದೆ, ಮೈಯೆಲ್ಲ ನಡುಗುವ ಹಾಗೆ. ಸಾಯಲಿರುವವನೊಬ್ಬ ತನ್ನ ಸೆರೆಕೋಣೆ ತನಗೆ ಮರಳಿ ಸಿಕ್ಕಿತೆಂದು ನಗುವ ನಗು ಅದು.

ಅದೇ ಹೊತ್ತಿಗೆ ಕೋಣೆಯೊಳಕ್ಕೆ ಇನ್ನೊಬ್ಬನನ್ನು ತಳ್ಳುತ್ತಾರೆ. ಹೆಸರು ಜೋಸ್ತ್. ಹದಿನಾರರ ಹುಡುಗ. ಮೈಮೇಲೆ ಅರ್ಧ ಫ್ರೆಂಚ್ ಸೈನಿಕನ ಬಟ್ಟೆ, ಅರ್ಧ ಜರ್ಮನ್ ಸೈನಿಕನ ಬಟ್ಟೆ, ತಲೆತುಂಬ ಹೇನು. ಜರ್ಮನರ ಕಡೆ ಸೇರಿ ಅಲ್ಲಿಂದ ಓಡಿಬಂದವನಂತೆ. ಗೂಢಚಾರನೋ, ದಿಕ್ಕೆಟ್ಟ ಮಗುವೋ? ತಿಳಿಯುವ ದಾರಿಯಿಲ್ಲ. ಸಮಯವಿಲ್ಲ. ಒಂದೋ ಇವನನ್ನು ಜೊತೆಗೆ ಕರೆದೊಯ್ಯಬೇಕು, ಇಲ್ಲವೇ ಕೊಲ್ಲಬೇಕು.

ಈ ಕೋಣೆಯಲ್ಲಿ ಇಷ್ಟು ದಿನ ಕಂಡ ಕಷ್ಟಗಳೆಲ್ಲ ಮರ, ಕಬ್ಬಿಣ, ಬಟ್ಟೆಯವು. ಅವನ್ನು ಕೆರೆದು, ಬಗ್ಗಿಸಿ, ಹೊಸೆದು ಗೆಲ್ಲಬಹುದಿತ್ತು. ಈಗ ಎದುರಿಗಿರುವುದು ಮನುಷ್ಯ. ಅವನೊಳಗೆ ಯಾವ ಮರ ಗಟ್ಟಿ, ಯಾವ ಸಂದಿ ಮೆದು ಎಂದು ನೋಡಿ ಹೇಳಲಾಗದು. ಫೋಂತೆನ್ ಅವನನ್ನು ಮಾತಾಡಿಸುತ್ತಾನೆ, ಮಲಗಿದವನ ಮುಖ ನೋಡುತ್ತಾನೆ, ತೂಗುತ್ತಾನೆ. ಕೊನೆಗೆ ನಂಬುತ್ತಾನೆ. ಬಾಗಿಲು, ಹಗ್ಗ, ಕೊಕ್ಕೆಗಳ ಗುಟ್ಟನ್ನೆಲ್ಲ ಹೇಳುತ್ತಾನೆ. ಹುಡುಗ ಮೊದಲು ಹಿಂಜರಿದು ಆಮೇಲೆ ಬರುತ್ತೇನೆ ಎನ್ನುತ್ತಾನೆ. ತನ್ನ ಬಿಡುಗಡೆಯನ್ನು ಗುರುತಿಲ್ಲದ ಒಬ್ಬನ ಕೈಗೆ ಒಪ್ಪಿಸಿದ ಆ ಗಳಿಗೆಯಲ್ಲೇ ಫೋಂತೆನ್ ನಿಜವಾಗಿ ಬಿಡುಗಡೆಯಾದ ಎಂದು ನಾನು ನಂಬುತ್ತೇನೆ. ಗೋಡೆ ದಾಟಿದ್ದು ಅದರ ಮುಂದುವರಿಕೆ.

ರಾತ್ರಿ. ಬೆಳಕಿಂಡಿಯಿಂದ ಛಾವಣಿಗೆ ಹತ್ತಿದ್ದಾರೆ. ಛಾವಣಿಯ ತುಂಬ ಜಲ್ಲಿಕಲ್ಲು. ಕಾಲಿಟ್ಟರೆ ಚರಕ್ ಎನ್ನುತ್ತದೆ. ಜೈಲಿನ ಪಕ್ಕದಲ್ಲೇ ರೈಲುಹಳಿ. ರೈಲು ಬಂದಾಗ ನಾಲ್ಕು ಹೆಜ್ಜೆ, ಹೋದ ಮೇಲೆ ಕಲ್ಲಿನಂತೆ ಕೂರುವುದು. ಮತ್ತೊಂದು ರೈಲಿಗೆ ಕಾಯುವುದು. ಕೆಳಗೆ ಕಾವಲುಗಾರನ ಹೆಜ್ಜೆ, ಹೋಗುತ್ತದೆ, ಬರುತ್ತದೆ. ಫೋಂತೆನ್ ಹಗ್ಗ ಹಿಡಿದು ಇಳಿದು ಗೋಡೆಯ ಮೂಲೆಯಲ್ಲಿ ನಿಲ್ಲುತ್ತಾನೆ. ಅವನು ಆ ಕಾವಲುಗಾರನನ್ನು ಕೊಲ್ಲುತ್ತಾನೆ. ಕೊಂದದ್ದನ್ನು ಬ್ರೆಸನ್ ತೋರಿಸುವುದಿಲ್ಲ. ಗೋಡೆಯ ಮೂಲೆ ಮಾತ್ರ ಕಾಣುತ್ತದೆ. ಇದನ್ನು ಸಂಭ್ರಮಿಸುವಂತಿಲ್ಲ ಎಂದು ಆ ಖಾಲಿ ಗೋಡೆ ಹೇಳುತ್ತದೆ.

ಮುಂದಿನ ಗೋಡೆಯ ಎತ್ತರ ಒಬ್ಬನಿಂದ ಆಗುವಂಥದ್ದಲ್ಲ. ಜೋಸ್ತ್ ಕೆಳಗೆ ನಿಂತು ಹೆಗಲು ಕೊಡುತ್ತಾನೆ, ಫೋಂತೆನ್ ಅವನ ಮೇಲೆ ಕಾಲಿಟ್ಟು ಹತ್ತುತ್ತಾನೆ. ಒಬ್ಬನೇ ಬಂದಿದ್ದರೆ ಇಲ್ಲೇ ಉಳಿಯಬೇಕಾಗುತ್ತಿತ್ತು ಎಂದು ಆಗ ಅವನಿಗೆ ಹೊಳೆಯುತ್ತದೆ. ನಿನ್ನೆ ಈ ಹುಡುಗನನ್ನು ಕೊಂದಿದ್ದರೆ, ಇವತ್ತು ಈ ಗೋಡೆಯ ಬುಡದಲ್ಲಿ ಅವನೂ ಸತ್ತಂತೆಯೇ.

ಈಗ ಉಳಿದಿರುವುದು ಎರಡು ಹೊರಗೋಡೆಗಳ ನಡುವಿನ ಓಣಿ. ಕಿರ್ರ್, ಕಿರ್ರ್ ಎಂದು ಏನೋ ಸದ್ದು. ಏನೆಂದು ಬಹಳ ಹೊತ್ತು ತಿಳಿಯುವುದಿಲ್ಲ. ಬಗ್ಗಿ ನೋಡಿದರೆ ಕಾವಲುಗಾರನೊಬ್ಬ ಸೈಕಲ್ ತುಳಿಯುತ್ತ ಸುತ್ತು ಹಾಕುತ್ತಿದ್ದಾನೆ. ಎಣ್ಣೆ ಕಾಣದ ಪೆಡಲು. ಫೋಂತೆನ್ ಹಗ್ಗವನ್ನು ಆಚೆಯ ಗೋಡೆಗೆ ಎಸೆದು ಕೊಕ್ಕೆ ಸಿಕ್ಕಿಸಿ ಬಿಗಿಯುತ್ತಾನೆ. ಹತ್ತಬೇಕು ಅಷ್ಟೇ. ಹತ್ತುವುದಿಲ್ಲ. ಸೈಕಲ್ ಹೋಗುತ್ತದೆ, ಬರುತ್ತದೆ. ದೂರದಲ್ಲಿ ಗಡಿಯಾರ ಹೊಡೆಯುತ್ತದೆ. ಬೆಳಗಾದರೆ ಮುಗಿಯಿತು. ಕಡೆಗೆ ಹಗ್ಗಕ್ಕೆ ಕೈಕಾಲು ಸುತ್ತಿ ತಲೆಕೆಳಗಾಗಿ ತೆವಳುತ್ತಾನೆ. ಬ್ಲಾಂಶೆಯ ಕಂಬಳಿ ಒರ್ಸಿನಿಯ ಕೊಕ್ಕೆಗೆ ಬಿಗಿದುಕೊಂಡು ಅವನ ಭಾರ ತಾಳುತ್ತದೆ. ಹಿಂದೆಯೇ ಹುಡುಗ ಬರುತ್ತಾನೆ.

ಧುಮುಕಿದರು. ನೆಲ. ಜೈಲಿನ ಹೊರಗಿನ ನೆಲ. ಇಬ್ಬರೂ ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಾರೆ. ನನ್ನಮ್ಮ ಈಗ ನನ್ನನ್ನು ನೋಡಬೇಕಿತ್ತು ಎನ್ನುವ ಅರ್ಥದ ಒಂದೇ ಮಾತು ಹುಡುಗನ ಬಾಯಿಂದ ಹೊರಡುತ್ತದೆ. ಮೊಜಾರ್ಟ್ ಮತ್ತೆ ಕೇಳಿಸುತ್ತದೆ. ಇಬ್ಬರೂ ಬಿರುಸಾಗಿ ನಡೆಯುತ್ತ ಹೋಗುತ್ತಾರೆ. ರೈಲಿನ ಹೊಗೆ ತೆರೆಯನ್ನು ಮುಚ್ಚುತ್ತದೆ. ಈ ಸಲ ಅವರ ಹಿಂದೆ ನೀವೂ ಗೋಡೆಯಾಚೆ ಇದ್ದೀರಿ, ಕಾರಿನಲ್ಲಿ ಉಳಿದಿಲ್ಲ.

ಇದು ನಡೆದದ್ದು. ನಿಜಜೀವನದ ಫೋಂತೆನ್‌ನ ಹೆಸರು ಆಂದ್ರೆ ದೆವಿನ್ಯಿ. 1943ರ ಏಪ್ರಿಲ್‌ನಲ್ಲಿ ಸೆರೆಸಿಕ್ಕು, ಲಿಯಾನಿನ ಗೆಸ್ಟಪೊ ಮುಖ್ಯಸ್ಥ ಕ್ಲಾಸ್ ಬಾರ್ಬಿಯ ಕೈಯಲ್ಲಿ ಚಿತ್ರಹಿಂಸೆ ಉಂ‍ಡು, ಆಗಸ್ಟ್‌ನಲ್ಲಿ ಮರಣದಂಡನೆಗೆ ಗುರಿಯಾಗಿ, ಆಗಸ್ಟ್ 25ರಂದು ಮೋನ್‌ಲುಕ್‌ನಿಂದ ತಪ್ಪಿಸಿಕೊಂಡರು. ಅವರ ಬರಹವೇ ಚಿತ್ರಕ್ಕೆ ಆಧಾರ. ಚಿತ್ರೀಕರಣದಲ್ಲೂ ಸಲಹೆಗಾರರಾಗಿ ನಿಂತರು. ಕಥೆ ಶುರುವಾಗುವ ಮುಂಚೆಯೇ ಚಿತ್ರ ಆ ಜೈಲಿನ ಗೋಡೆಯ ಫಲಕವೊಂದನ್ನು ತೋರಿಸುತ್ತದೆ. ಜರ್ಮನರ ಕಾಲದಲ್ಲಿ ಇಲ್ಲಿ ಹತ್ತು ಸಾವಿರ ಮಂದಿ ನರಳಿದರು, ಏಳು ಸಾವಿರ ಮಂದಿ ಸತ್ತರು ಎಂದು ಆ ಫಲಕ ಹೇಳುತ್ತದೆ. ಅವರಲ್ಲಿ ಎಷ್ಟು ಜನ ಬಾಗಿಲು ಕೆರೆದರೋ, ಎಷ್ಟು ಜನ ಕಂಬಳಿ ಕೊಟ್ಟರೋ, ಯಾರ ಚಮಚ ಮುರಿಯಿತೋ ಲೆಕ್ಕವಿಲ್ಲ. ದೆವಿನ್ಯಿ ಹೊರಬಿದ್ದು ವರ್ಷ ತುಂಬುವ ಹೊತ್ತಿಗೆ, 1944ರ ಆಗಸ್ಟ್ 24ರಂದು, ಮೋನ್‌ಲುಕ್‌ನ ಎಲ್ಲ ಬಾಗಿಲುಗಳೂ ತೆರೆದವು. 2010ರಿಂದ ಅದು ಸ್ಮಾರಕ.

ಚಿತ್ರವನ್ನು ನೀವು ನೋಡುವುದಾದರೆ ರಾತ್ರಿ ನೋಡಿ, ಮನೆಯವರೆಲ್ಲ ಮಲಗಿ ಬೀದಿಯ ಸದ್ದು ಅಡಗಿದ ಮೇಲೆ. ಫೋನನ್ನು ಇನ್ನೊಂದು ಕೋಣೆಯಲ್ಲಿಟ್ಟು ಬನ್ನಿ. ನೆಲಕ್ಕೆ ಚಮಚ ಉಜ್ಜುವ ಸದ್ದು ತೀರಾ ಸಣ್ಣದು.